ರಜಾ ಅವರ ಬಿಂದು

ಚಿತ್ರಪಟದ ನಡುವೆ ಒಂದು ದೊಡ್ಡ ಕರಿಯ ಬಿಂದು. ಸುತ್ತಲೂ ಚೌಕ, ತ್ರಿಕೋಣ, ಬಣ್ಣದ ಪಟ್ಟೆಗಳು. ಮನುಷ್ಯರಿಲ್ಲ, ಮರವಿಲ್ಲ. ‘ಇದನ್ನು ನಮ್ಮ ಮನೆಯ ಮಗುವೂ ಬರೆದೀತು’ ಎಂದು ನೀವು ನಕ್ಕರೆ ಅಚ್ಚರಿಯೇನಲ್ಲ. ಆದರೆ ಸೈಯದ್ ಹೈದರ್ ರಜಾ ಅವರು ಈ ಬಿಂದುವನ್ನು ಸೇರಲು ಐವತ್ತು ವರ್ಷ ನಡೆಯಬೇಕಾಯಿತು.

ರಜಾ ಹುಟ್ಟಿದ್ದು 1922ರಲ್ಲಿ, ಇಂದಿನ ಮಧ್ಯಪ್ರದೇಶದ ಮಂಡ್ಲಾ ಸೀಮೆಯಲ್ಲಿ. ತಂದೆ ಅರಣ್ಯ ಇಲಾಖೆಯ ನೌಕರರು. ಕಾಡಿನ ಕಗ್ಗತ್ತಲೆಯ ಭಯವೂ ಬೆಳಗಿನ ಬೆಳಕಿನ ಸಂತೋಷವೂ ಹುಡುಗನ ಮನಸ್ಸಿನಲ್ಲಿ ಆಳವಾಗಿ ನಾಟಿದವು. ಪಾಠದಲ್ಲಿ ಚಿತ್ತ ನಿಲ್ಲದ ಈ ಹುಡುಗನಿಗೆ ಶಾಲೆಯ ಉಪಾಧ್ಯಾಯರು ಗೋಡೆಯ ಮೇಲೊಂದು ಚುಕ್ಕೆಯಿಟ್ಟು, ಅದನ್ನೇ ನೋಡುತ್ತ ಕುಳಿತಿರಲು ಹೇಳಿದರಂತೆ. ಮುಂದೆ ರಜಾ ಅವರೇ ಇದನ್ನು ಹಲವು ಬಾರಿ ನೆನೆದಿದ್ದಾರೆ.

ಆ ಚುಕ್ಕೆ ಒಡನೆಯೇ ಚಿತ್ರವಾಗಲಿಲ್ಲ. ರಜಾ ನಾಗಪುರದಲ್ಲಿಯೂ ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿಯೂ ಕಲಿತರು. 1947ರಲ್ಲಿ ಸೋಜಾ, ಹುಸೇನ್ ಮೊದಲಾದವರೊಡನೆ ಪ್ರಗತಿಶೀಲ ಕಲಾವಿದರ ಬಳಗವನ್ನು ಕಟ್ಟಿದರು. ಮರುವರ್ಷ ಕಾಶ್ಮೀರದಲ್ಲಿ ಅವರ ಚಿತ್ರಗಳನ್ನು ಕಂಡ ಫ್ರೆಂಚ್ ಛಾಯಾಗ್ರಾಹಕ ಕಾರ್ತಿಯೇ-ಬ್ರೆಸ್ಸೋನ್, ಚಿತ್ರಗಳ ಕಟ್ಟು ಸಡಿಲವಾಗಿದೆ, ಸೆಜಾನನ ಚಿತ್ರಗಳನ್ನು ಅಭ್ಯಾಸ ಮಾಡಬೇಕು ಎಂದು ಹೇಳಿದರು. ಮಾತು ನಾಟಿತು. 1950ರಲ್ಲಿ ರಜಾ ಪ್ಯಾರಿಸ್ಸಿಗೆ ತೆರಳಿದರು. ಅಲ್ಲಿಯ ಹಳ್ಳಿಗಳ ಮನೆ, ಇಗರ್ಜಿಗಳನ್ನು ಕಲ್ಲಿನ ಮೇಲೆ ಕಲ್ಲಿಟ್ಟಂತೆ ಬಿಗಿಯಾಗಿ ಬರೆದರು. 1956ರಲ್ಲಿ ಫ್ರೆಂಚ್ ವಿಮರ್ಶಕರ ಬಹುಮಾನ ಬಂದಿತು. 1962ರಲ್ಲಿ ಪಾಠ ಹೇಳಲು ಅಮೆರಿಕದ ಬರ್ಕ್‌ಲಿಗೆ ಹೋದರು. ಆ ದೇಶದ ರಾತ್ಕೋ ಎಂಬ ಕಲಾವಿದನ ಚಿತ್ರಗಳಿಂದ, ಆಕಾರದ ಹಂಗಿಲ್ಲದೆ ಬಣ್ಣವೊಂದೇ ಭಾವವನ್ನು ಹೊರಬಲ್ಲುದೆಂಬುದು ಅವರಿಗೆ ಮನದಟ್ಟಾಯಿತು.

ಕೀರ್ತಿಯೇನೋ ಬಂದಿತು, ತೃಪ್ತಿ ಬರಲಿಲ್ಲ. ಈ ಚಿತ್ರಗಳಲ್ಲಿ ತನ್ನ ನಾಡು ಎಲ್ಲಿದೆ ಎಂಬ ಪ್ರಶ್ನೆ ಅವರನ್ನು ಕಾಡಿತು. ಮತ್ತೆ ಮತ್ತೆ ಭಾರತಕ್ಕೆ ಬಂದು ತಿರುಗಾಡಿದರು. 1980ರ ಸುಮಾರಿಗೆ ಶಾಲೆಯ ಗೋಡೆಯ ಆ ಚುಕ್ಕೆ ಅವರ ಪಟದ ನಡುವೆ ಬಂದು ನಿಂತಿತು. 1981ರ ‘ಮಾ’ ಎಂಬ ಪ್ರಸಿದ್ಧ ಚಿತ್ರದಲ್ಲಿಯೂ ಅದೇ ಬಿಂದುವಿದೆ. ದಶಕಗಳ ಕಾಲ ಫ್ರಾನ್ಸಿನಲ್ಲಿ ಬಾಳಿ ಹಿಂದಿರುಗಿದ ರಜಾ 2016ರಲ್ಲಿ ದೆಹಲಿಯಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಮಂಡ್ಲಾದಲ್ಲಿ, ತಂದೆಯ ಗೋರಿಯ ಬಳಿಯಲ್ಲಿ ಮಣ್ಣು ಮಾಡಿದರು.

ನಮ್ಮ ವ್ಯಾಕರಣದಲ್ಲಿ ಅನುಸ್ವಾರಕ್ಕೂ ಬಿಂದುವೆಂದೇ ಹೆಸರು. ಹಿಂದೊಂದು ಸ್ವರವಿಲ್ಲದೆ ಅದನ್ನು ಉಚ್ಚರಿಸಲಾಗದೆಂದು ನೀವು ಬಲ್ಲಿರಿ. ಆ ಉಪಾಧ್ಯಾಯರು ಹುಡುಗನಿಗೆ ಕೊಟ್ಟದ್ದು ಚುಕ್ಕೆಯನ್ನು ಮಾತ್ರ. ಸ್ವರವನ್ನು ಅವನೇ ದುಡಿದು ಸಂಪಾದಿಸಬೇಕಾಯಿತು.