ಅಧಿಶೋಷಣೆಯೂ ಒತ್ತಡವೂ: ಬೆಂಗಳೂರಿನ ಒಂದು ಪರಿಶೋಧನೆ

ಅನಿಲವು ಘನಪದಾರ್ಥದ ಒಳಹೊಗದೆ ಅದರ ಮೇಲ್ಮೈಗೆ ಅಂಟಿ ನಿಲ್ಲುವುದನ್ನು ಅಧಿಶೋಷಣೆಯೆನ್ನುವರು. ‘ಅಧಿ’ ಎಂಬ ಉಪಸರ್ಗವು ಇಲ್ಲಿ ಸಾರ್ಥಕವಾಗಿದೆ. ಉಷ್ಣತೆಯು ಸ್ಥಿರವಾಗಿರಲು, ಒತ್ತಡವೇರಿದಂತೆ ಅಂಟುವ ಅನಿಲವೂ ಹೆಚ್ಚುವುದು. ಮೇಲ್ಮೈಯು ಒಂದು ಪದರದಿಂದ ತುಂಬಿದ ಮೇಲೆ ಹೆಚ್ಚಳವು ನಿಲ್ಲುವುದು. ಇದು 1918ರಲ್ಲಿ ಲ್ಯಾಂಗ್‌ಮ್ಯೂರರು ಪ್ರತಿಪಾದಿಸಿದ ಸಿದ್ಧಾಂತ. ಪಾಠವು ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ.

ಆದರೆ ಸಿಲಿಕಾ ಜೆಲ್ಲು ನೀರಾವಿಯನ್ನು ಹೀರುವಾಗ ಒಂದು ಒತ್ತಡದಲ್ಲಿ ಎಷ್ಟು ನೀರನ್ನು ಹಿಡಿಯುವುದೋ, ಬಿಡುವಾಗ ಅದೇ ಒತ್ತಡದಲ್ಲಿ ಅದಕ್ಕಿಂತ ಹೆಚ್ಚನ್ನು ಉಳಿಸಿಕೊಳ್ಳುತ್ತದೆ. ಏರುವ ರೇಖೆಯೂ ಇಳಿಯುವ ರೇಖೆಯೂ ಕೂಡಿ ಕುಣಿಕೆಯಾಗುತ್ತದೆ. ಆದುದರಿಂದ ಒತ್ತಡವನ್ನು ಮಾತ್ರ ಹೇಳಿದರೆ ಸಾಲದು. ಅಲ್ಲಿಗೆ ಬಂದ ದಾರಿಯನ್ನೂ ಹೇಳಬೇಕು. ಈ ಕುಣಿಕೆಯು ಮೊದಲೇ ತಿಳಿದಿದ್ದಿತು. ಅದು ನಿಜವೋ, ಪ್ರಯೋಗದೋಷವೋ ಎಂಬುದೇ ಪ್ರಶ್ನೆ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕೆ. ಸುಬ್ಬರಾಯರು 1941ರಲ್ಲಿ ಪ್ರಕಟಿಸಿದ ಲೇಖನಮಾಲೆಯಲ್ಲಿ ಇದಕ್ಕೆ ಉತ್ತರವಿದೆ. ಹೀರಿಸಿ ಬಿಡಿಸುವುದನ್ನು ಮತ್ತೆ ಮತ್ತೆ ಮಾಡಿದರೂ ಜೆಲ್ಲಿನಲ್ಲಿ ಕುಣಿಕೆಯು ಅಳಿಯಲಿಲ್ಲ. ಒಡಲು ಹಿರಿದಾಗಿ ಕೊರಳು ಕಿರಿದಾದ ರಂಧ್ರಗಳಲ್ಲಿ, ನಮ್ಮ ಹೂಜಿಯಂಥವುಗಳೆನ್ನೋಣ, ನೀರು ಸಿಕ್ಕಿಬೀಳುವುದೆಂದು ಅವರು ವಿವರಿಸಿದರು. ಅನಂತರ ಧಾನ್ಯಗಳನ್ನೇ ಪರೀಕ್ಷಿಸಿದರು. ಅಡಿಗೆಮನೆಯ ವಸ್ತುವನ್ನು ಈ ಸೂಕ್ಷ್ಮವಾದಕ್ಕೆ ಸಾಕ್ಷಿಯಾಗಿ ಕರೆದುದು ಮೆಚ್ಚತಕ್ಕುದೇ ಸರಿ. ಅಲ್ಲಿ ಕುಣಿಕೆಯು ಕ್ರಮೇಣ ಕುಗ್ಗಿ ಮಾಯವಾಯಿತು: ಧಾನ್ಯದ ಒಡಲು ಸ್ಥಿತಿಸ್ಥಾಪಕವಾದುದರಿಂದ ಅದರ ರಂಧ್ರಗಳು ನೀರನ್ನು ಸೆರೆಹಿಡಿಯಲಾರದೆ ಹೋದುವು.