ಕಟ್ಟದೇ ಉಳಿದ ಅಣೆಕಟ್ಟು

ಅಮೆರಿಕದ ಬಾಸ್ಟನ್ ನಗರದ ಬಳಿ ಕಡಲು ಸೇರುವ ಚಾರ್ಲ್ಸ್ ನದಿಗೆ ಅವಸರವೆಂಬುದೇ ಇಲ್ಲ. ಅದು ಹುಟ್ಟುವ ಹಾಪ್ಕಿಂಟನ್ನಿನಿಂದ ಬಾಸ್ಟನ್ನಿಗೆ ನೇರವಾಗಿ ಹೋದರೆ ನಲವತ್ತು ಚಿಲ್ಲರೆ ಕಿಲೋಮೀಟರ್. ನದಿ ಮಾತ್ರ ಸುತ್ತಿ ಬಳಸಿ ಸುಮಾರು 130 ಕಿಲೋಮೀಟರ್ ಹರಿಯುತ್ತದೆ. ದಾರಿಯಲ್ಲಿ ಅಲ್ಲಲ್ಲಿ ಜೊಂಡು ಬೆಳೆದ ವಿಶಾಲವಾದ ಜೌಗು. ನಮ್ಮ ಪಹಣಿಯ ಭಾಷೆಯಲ್ಲಿ ಹೇಳುವುದಾದರೆ, ಖರಾಬು ಜಮೀನು.

1955ರ ಆಗಸ್ಟಿನಲ್ಲಿ ಡಯಾನ್ ಚಂಡಮಾರುತದ ಮಳೆ ಸುರಿದಾಗ ಪಕ್ಕದ ಬ್ಲಾಕ್‌ಸ್ಟೋನ್ ನದಿ ಉಕ್ಕಿ ವೂನ್‌ಸಾಕೆಟ್ ಪಟ್ಟಣಕ್ಕೆ ನುಗ್ಗಿತು. ಚಾರ್ಲ್ಸ್ ನದಿಯ ಕೆಳದಂಡೆಯಲ್ಲೂ ಹಾನಿಯಾಯಿತು. ಮುಂದಿನ ದಶಕದಲ್ಲಿ ಇದಕ್ಕೆ ಉಪಾಯ ಹುಡುಕುವ ಕೆಲಸ ಸೇನೆಯ ಎಂಜಿನಿಯರುಗಳ ದಳದ ಪಾಲಿಗೆ ಬಂತು. ಅಣೆಕಟ್ಟು, ತಡೆಗೋಡೆ ಕಟ್ಟುವುದರಲ್ಲಿ ಪಳಗಿದವರು ಅವರು.

ಅಧ್ಯಯನ ನಡೆಯುತ್ತಿರುವಾಗಲೇ, 1968ರ ಮಾರ್ಚಿನಲ್ಲಿ, ಮತ್ತೊಂದು ಪ್ರವಾಹ ಬಂತು. ಎಲ್ಲೆಲ್ಲಿ, ಯಾವಾಗ, ಎಷ್ಟು ನೀರು ಏರಿತೆಂಬ ಲೆಕ್ಕ ಹರಡಿಕೊಂಡು ಕೂತವರಿಗೆ ಒಂದು ವಿಷಯ ಕಂಡಿತು. ನಗರದ ರಸ್ತೆ, ಚಾವಣಿಗಳ ನೀರು ಕೆಲವೇ ಗಂಟೆಗಳಲ್ಲಿ ನದಿಗೆ ಬೀಳುತ್ತದೆ. ಮೇಲಿನ ಜಲಾನಯನದ ನೀರು ಅಲ್ಲಿಗೆ ತಲುಪುವುದು ದಿನಗಳ ನಂತರ. ಅಷ್ಟರಲ್ಲಿ ನಗರದ ಇಳಿಮುಖ ಶುರುವಾಗಿರುತ್ತದೆ. ಎರಡು ಏರಿಕೆಗಳು ಒಂದರ ಮೇಲೊಂದು ಬೀಳದಂತೆ ತಡೆದಿದ್ದು ಯಾರ ಯೋಜನೆಯೂ ಅಲ್ಲ, ಆ ಜೌಗು. ಅಗಲವಾಗಿ ಹರಡಿಕೊಂಡ ನೀರು ಸಣ್ಣ ದಾರಿಗಳಲ್ಲಿ ನಿಧಾನವಾಗಿ ಜಾರುತ್ತಿತ್ತು. ಜೌಗಿನಲ್ಲಿ ನೂರಕ್ಕೆ ನಲವತ್ತು ಭಾಗ ಹೋದರೆ ಪ್ರವಾಹದ ಮಟ್ಟ ಎರಡರಿಂದ ನಾಲ್ಕು ಅಡಿ ಏರಬಹುದೆಂದು ಲೆಕ್ಕ ಹೇಳಿತು. ಆದರೆ ಊರುಗಳು ಬೆಳೆಯುತ್ತಿದ್ದವು, ಜೌಗಿಗೆ ಮಣ್ಣು ಬೀಳುತ್ತಲೇ ಇತ್ತು.

1972ರ ವರದಿಯಲ್ಲಿ ಎಂಜಿನಿಯರುಗಳು ಹೇಳಿದ್ದಿಷ್ಟು: ಮೇಲೆ ಏನನ್ನೂ ಕಟ್ಟಬೇಡಿ, ಆ ನೆಲವನ್ನು ಹಾಗೇ ಉಳಿಸಿ. ಕಟ್ಟುವುದೇ ಕಸುಬಾದವರು ಹೀಗೆ ಬರೆಯಲು ಧೈರ್ಯ ಬೇಕು ಎಂದು ನನಗನ್ನಿಸುತ್ತದೆ; ಉದ್ಘಾಟನೆಗೆ ರಿಬ್ಬನ್ನು ಕಟ್ಟಲೂ ಜಾಗವಿಲ್ಲದ ಯೋಜನೆ ಇದು. 1974ರಲ್ಲಿ ಸಂಸತ್ತು ಒಪ್ಪಿತು. 1977ರಿಂದ 1983ರವರೆಗೆ 17 ಕಡೆ ಒಟ್ಟು 8,103 ಎಕರೆಗೆ ರಕ್ಷಣೆ ಸಿಕ್ಕಿತು. ಇದರಲ್ಲಿ ಕೊಂಡಿದ್ದು ಸುಮಾರು 3,200 ಎಕರೆ. ಉಳಿದದ್ದು ಮಾಲೀಕರ ಹೆಸರಿನಲ್ಲೇ ಇದೆ; ಮಣ್ಣು ತುಂಬುವ, ಮನೆ ಕಟ್ಟುವ ಹಕ್ಕಷ್ಟೇ ಇಲ್ಲ. ಖರ್ಚು ಒಂದು ಕೋಟಿ ಡಾಲರಿನ ಆಸುಪಾಸು. ಅಣೆಕಟ್ಟಿನ ದಾರಿ ಹಿಡಿದಿದ್ದರೆ ಹತ್ತು ಕೋಟಿ ಬೇಕಿತ್ತು.

ಹಾಗಂತ ಬಾಸ್ಟನ್ನಿಗೆ ಕಾಂಕ್ರೀಟೇ ಬೇಕಾಗಲಿಲ್ಲ ಎಂದರೆ ಅರ್ಧ ಸತ್ಯ. ಕೆಳಗೆ, ನಗರದೊಳಗೆ, ಉಳಿಸಿಕೊಳ್ಳಲು ಜೌಗೇ ಇರಲಿಲ್ಲ. ಕಡಲಿನ ಉಬ್ಬರವಿದ್ದಾಗಲೂ ನದಿಯ ನೀರನ್ನು ಎತ್ತಿ ಹೊರಚೆಲ್ಲಲು ದೊಡ್ಡ ಪಂಪುಗಳಿರುವ ಹೊಸ ಅಣೆಕಟ್ಟೊಂದನ್ನು 1978ರಲ್ಲಿ ನದಿಯ ಬಾಯಲ್ಲಿ ಕಟ್ಟಿ ಮುಗಿಸಿದರು. ಅದು ಕಾಯುವ ದಂಡೆಯಲ್ಲಿ ಬ್ಯಾಕ್ ಬೇ ಎಂಬ ಸಿರಿವಂತ ಬಡಾವಣೆಯಿದೆ. 19ನೇ ಶತಮಾನದಲ್ಲಿ ಚಾರ್ಲ್ಸ್‌ನದೇ ಜೌಗಿಗೆ ಮಣ್ಣು ತುಂಬಿ ಎಬ್ಬಿಸಿದ ಬಡಾವಣೆ ಅದು.