ನಿತ್ಯದ ಕಿರು ತೈಲಚಿತ್ರ

ನಿತ್ಯದ ಕಿರು ತೈಲಚಿತ್ರ : ಅಂಗೈ ಅಗಲದಿಂದ ನೋಟ್‌ಬುಕ್ಕಿನ ಹಾಳೆಯಷ್ಟರವರೆಗಿನ ಹಲಗೆ, ರಟ್ಟು ಅಥವಾ ಕ್ಯಾನ್ವಾಸಿನ ಮೇಲೆ, ಕಣ್ಣೆದುರಿನ ನಿಸರ್ಗವನ್ನೋ ಮನೆಯ ವಸ್ತುವನ್ನೋ ನೋಡುತ್ತ ಒಂದೇ ಪಟ್ಟಿನಲ್ಲಿ ಕೂತು ಬರೆದು ಮುಗಿಸುವ ಚಿತ್ರ. ದಿನಕ್ಕೊಂದರಂತೆ ಬರೆದು ಆಗಿಂದಾಗಲೇ ಮಾರುವ ಪರಿಪಾಠ 2004ರಿಂದ ಈಚಿನದು. ಚಿತ್ರದ ಜಾತಿ ಮಾತ್ರ ಹದಿನೆಂಟನೆಯ ಶತಮಾನದಷ್ಟು ಹಳೆಯದು. ಬಹುಕಾಲ ಅದನ್ನು ಯಾರೂ ಮಾರುತ್ತಿರಲಿಲ್ಲ, ತೋರಿಸುತ್ತಲೂ ಇರಲಿಲ್ಲ. ಕಲಾವಿದನ ಖಾಸಾ ಟಿಪ್ಪಣಿಯಾಗಿ ಅದು ಸ್ಟುಡಿಯೋದ ಕಪಾಟಿನಲ್ಲೇ ಉಳಿಯುತ್ತಿತ್ತು. ಕಪಾಟಿನಿಂದ ಅದು ಹೊರಗೆ ಬಂದ ಬಗೆಯೇ ಇದರ ಇತಿಹಾಸದ ಮುಖ್ಯ ಭಾಗ.

ಗಾತ್ರವನ್ನು ಕಿರಿದಾಗಿಸಿದ್ದು ಬೆಳಕು. ಗೋಡೆಯ ಮೇಲೆ ಬಿದ್ದ ನೆರಳು ಗಂಟೆ ಕಳೆಯುವಷ್ಟರಲ್ಲಿ ಜಾಗ ಬದಲಿಸುತ್ತದೆ, ಅದರ ಬಣ್ಣವೂ ಬೇರೆಯಾಗುತ್ತದೆ. ಫ್ರಾನ್ಸಿನ ಪಿಯರ್ ಆನ್ರಿ ದ ವಾಲಾನ್ಸಿಯೆನ್ (1750-1819) ಈ ತೊಡಕನ್ನು ನಿಯಮವಾಗಿಸಿ ಬರೆದಿಟ್ಟ. 1800ರ ಸುಮಾರಿಗೆ ಪ್ರಕಟವಾದ ತನ್ನ ಪಠ್ಯಗ್ರಂಥದಲ್ಲಿ ಅವನು ಹೇಳುವಂತೆ, ಬಯಲಿನಲ್ಲಿ ಕೂತು ಮಾಡುವ ಅಭ್ಯಾಸಚಿತ್ರಕ್ಕೆ ಎರಡು ಗಂಟೆಗಿಂತ ಹೆಚ್ಚು ತೆಗೆದುಕೊಳ್ಳಬಾರದು. ಸೂರ್ಯ ಹುಟ್ಟುವ, ಮುಳುಗುವ ಹೊತ್ತಾದರೆ ಅರ್ಧ ಗಂಟೆಯೇ ಮಿತಿ. ಅಷ್ಟರೊಳಗೆ ತುಂಬಿಸಬಹುದಾದ ಜಾಗ ಒಂದು ಕಾಗದದಷ್ಟೇ. ರೋಮಿನಲ್ಲಿದ್ದಾಗ ಅವನೇ ಒಂದೇ ಮಾಡಿನ ಸಾಲನ್ನು ಬಿಸಿಲಿನಲ್ಲೊಮ್ಮೆ, ನೆರಳಿನಲ್ಲೊಮ್ಮೆ ಬರೆದ. ಅವು ಈಗ ಲೂವ್ರ್ ಸಂಗ್ರಹಾಲಯದಲ್ಲಿವೆ. ಅವನು ಹೆಸರು ಮಾಡಿದ್ದು ಮಾತ್ರ ಪುರಾಣಕಥೆಗಳ ದೊಡ್ಡ ದೃಶ್ಯಚಿತ್ರಗಳಿಂದ. ಇವತ್ತು ಅವುಗಳ ಮುಂದೆ ಹೆಚ್ಚು ಹೊತ್ತು ನಿಲ್ಲುವವರು ಕಡಿಮೆ.

ಅದೇ ಕಾಲಕ್ಕೆ ನೇಪಲ್ಸಿನಲ್ಲಿದ್ದ ವೇಲ್ಸಿನ ಥಾಮಸ್ ಜೋನ್ಸ್ (1742-1803) ಇನ್ನೂ ಮುಂದೆ ಹೋದ. 1782ರ ಸುಮಾರಿಗೆ ಅವನು ಬರೆದ ‘ನೇಪಲ್ಸಿನ ಒಂದು ಗೋಡೆ’ 11.4 ಸೆಂ.ಮೀ. ಎತ್ತರ, 16 ಸೆಂ.ಮೀ. ಅಗಲ. ಗಾರೆ ಉದುರಿದ ಗೋಡೆ, ಸಣ್ಣ ಬಾಲ್ಕನಿ, ಒಣಹಾಕಿದ ಬಟ್ಟೆ, ಮೇಲೆ ಒಂದು ಚೂರು ನೀಲಿ ಆಕಾಶ: ಚಿತ್ರದಲ್ಲಿ ಇರುವುದು ಇಷ್ಟೇ. ಬಾಲ್ಕನಿಯಿಂದ ಸುರಿದ ನೀರು ಗೋಡೆಗೆ ಇಳಿಸಿದ ಕಲೆಯನ್ನೂ ಅವನು ಬಿಟ್ಟಿಲ್ಲ. ದೇವತೆಗಳಿಲ್ಲದ, ಪಾಳುಗುಡಿಗಳಿಲ್ಲದ ಇಂಥ ಚಿತ್ರವನ್ನು ಆಗ ಕೊಳ್ಳುವವರು ಯಾರೂ ಇರಲಿಲ್ಲ. ಅವನ ಈ ಬಗೆಯ ಕೆಲಸ ಮನೆಮಂದಿಯ ಬಳಿಯೇ ಉಳಿದು, ಕಲಾಲೋಕದ ಕಣ್ಣಿಗೆ ಬಿದ್ದದ್ದು 1950ರ ದಶಕದಲ್ಲಿ. ಈಗ ಆ ಗೋಡೆ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ.

ಇಂಗ್ಲೆಂಡಿನ ಜಾನ್ ಕಾನ್‌ಸ್ಟೆಬಲ್ 1821-22ರಲ್ಲಿ ಹ್ಯಾಂಪ್‌ಸ್ಟೆಡ್ ದಿಣ್ಣೆಯಲ್ಲಿ ಕೂತು ಮೋಡಗಳನ್ನು ಬರೆದ. ಹಲವು ಕಾಗದಗಳ ಹಿಂಬದಿಯಲ್ಲಿ ತಾರೀಖು, ಹೊತ್ತು, ಗಾಳಿಯ ದಿಕ್ಕನ್ನು ಗುರುತು ಹಾಕಿಕೊಂಡ. ದಿನಚರಿಯ ಗುಣ ಈ ಪ್ರಕಾರಕ್ಕೆ ಬಂದದ್ದು ಇಲ್ಲಿಂದ ಎನ್ನಬಹುದು. ಫ್ರಾನ್ಸಿನ ಚಿತ್ರಕಾರ ಕೋರೊ 1826ರಲ್ಲಿ ಇಟಲಿಯ ನಾರ್ನಿ ಸೇತುವೆಯನ್ನು ಸ್ಥಳದಲ್ಲೇ ಬರೆದು, ಅದನ್ನಾಧರಿಸಿ ಪ್ಯಾರಿಸ್ಸಿನ ಪ್ರದರ್ಶನಕ್ಕೆ ದೊಡ್ಡ ಚಿತ್ರವೊಂದನ್ನು ಸಿದ್ಧಪಡಿಸಿದ. ದೊಡ್ಡದರಲ್ಲಿ ಮರಗಳು ಒಪ್ಪವಾಗಿವೆ, ಕುರಿಗಳೂ ಬಂದಿವೆ. ಚಿಕ್ಕದರಲ್ಲಿದ್ದ ಬಿಸಿಲು ಹೋಗಿದೆ.

ಇವರೆಲ್ಲ ಬಣ್ಣ ಹೊತ್ತೊಯ್ಯುತ್ತಿದ್ದದ್ದು ಹಂದಿಯ ಮೂತ್ರಕೋಶದ ಚೀಲಗಳಲ್ಲಿ. ಮೊಳೆಯಿಂದ ಚುಚ್ಚಿ ಹಿಂಡಬೇಕು. ತೂತು ಮತ್ತೆ ಸರಿಯಾಗಿ ಮುಚ್ಚದು, ಉಳಿದ ಬಣ್ಣ ಗಟ್ಟಿಯಾಗುತ್ತದೆ. ಲಂಡನ್ನಿನಲ್ಲಿ ನೆಲೆಸಿದ್ದ ಅಮೆರಿಕದ ಭಾವಚಿತ್ರಕಾರ ಜಾನ್ ಗಾಫ್ ರ್‍ಯಾಂಡ್ 1841ರಲ್ಲಿ ತವರದ ಹಿಂಡುವ ಟ್ಯೂಬಿಗೆ ಪೇಟೆಂಟ್ ಪಡೆದ ಮೇಲೆ ಈ ಕಷ್ಟ ತಪ್ಪಿತು. ಜೊತೆಗೆ, ಮುಚ್ಚಳವೇ ಈಸೆಲ್ ಆಗುವ, ಒಳಗೆ ಪ್ಯಾಲೆಟ್ ಕೂರುವ, ಹಸಿ ಹಲಗೆಗಳು ಒಂದಕ್ಕೊಂದು ತಾಗದಂತೆ ತೋಡು ಕೊರೆದ ‘ಪೊಶಾಡ್’ ಪೆಟ್ಟಿಗೆ ಬಂತು. ಚಿತ್ರದ ಅಳತೆಯನ್ನು ಆಮೇಲೆ ಗೊತ್ತುಮಾಡಿದ್ದು ಬಹುಮಟ್ಟಿಗೆ ಪೆಟ್ಟಿಗೆಯ ಅಳತೆಯೇ. ಫ್ಲಾರೆನ್ಸಿನ ಮಾಕಿಯಾಯೋಲಿ ಗುಂಪಿನ ಜಿಯೊವಾನಿ ಫಟ್ಟೋರಿ 1866ರಲ್ಲಿ ಕಡಲ ಸ್ನಾನದ ಹೆಂಗಸರನ್ನು ಬರೆದ ಹಲಗೆ ಕೇವಲ 12 ಸೆಂ.ಮೀ. ಎತ್ತರ, 35 ಸೆಂ.ಮೀ. ಉದ್ದ. ಫ್ರಾನ್ಸಿನ ಸ್ಯೂರಾ ತನ್ನ ದೈತ್ಯಾಕಾರದ ಚಿತ್ರಗಳಿಗೆ ಇಂಥವೇ ಪುಟ್ಟ ಹಲಗೆಗಳಲ್ಲಿ ಪೂರ್ವತಯಾರಿ ಮಾಡಿಕೊಂಡ.

ಮನೆಯೊಳಗಿನ ವಸ್ತುವೂ ಕಿರುಗಾತ್ರದ ಚಿತ್ರಕ್ಕೆ ವಿಷಯವಾದ ಒಳ್ಳೆಯ ನಿದರ್ಶನ ಫ್ರಾನ್ಸಿನ ಚಿತ್ರಕಾರ ಮಾನೆಯದು. 1880ರಲ್ಲಿ ಅವನು ಶತಾವರಿ ಚಿಗುರಿನ ಕಟ್ಟೊಂದನ್ನು ಬರೆದು ಸಂಗ್ರಾಹಕ ಶಾರ್ಲ್ ಎಫ್ರುಸಿಗೆ 800 ಫ್ರಾಂಕಿಗೆ ಮಾರಿದ. ಎಫ್ರುಸಿ 1,000 ಕಳಿಸಿದ. ಮಾನೆ ಹೆಚ್ಚಿನ ಹಣಕ್ಕೆ ಬದಲಾಗಿ ಒಂದೇ ಒಂದು ಚಿಗುರಿನ ಪುಟ್ಟ ಚಿತ್ರ ಬರೆದು, ನಿಮ್ಮ ಕಟ್ಟಿನಲ್ಲಿ ಒಂದು ಕಡಿಮೆಯಿತ್ತು ಎಂಬರ್ಥದ ಚೀಟಿಯೊಡನೆ ಕಳಿಸಿಕೊಟ್ಟ. ಸುಮಾರು 17 ಸೆಂ.ಮೀ. ಎತ್ತರ, 22 ಸೆಂ.ಮೀ. ಅಗಲದ ಅದು ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿದೆ. ಕೊಸರು ಕೊಟ್ಟದ್ದೇ ಕಟ್ಟಿಗಿಂತ ಚೆನ್ನಾಗಿದೆ.

ಕಿರು ತೈಲಚಿತ್ರ ಸ್ವತಂತ್ರ ಕೃತಿಯಾಗಿ ಜನರೆದುರು ಬಂದ ಹೆಸರಾಂತ ಪ್ರಸಂಗ ನಡೆದದ್ದು ಯುರೋಪಿನಿಂದ ಬಹುದೂರ, ಆಸ್ಟ್ರೇಲಿಯಾದಲ್ಲಿ. ಟಾಮ್ ರಾಬರ್ಟ್ಸ್, ಆರ್ಥರ್ ಸ್ಟ್ರೀಟನ್, ಚಾರ್ಲ್ಸ್ ಕಾಂಡರ್ ಮತ್ತವರ ಗೆಳೆಯರು 1889ರ ಆಗಸ್ಟ್ 17ರಂದು ಮೆಲ್ಬರ್ನಿನ ಸ್ವಾನ್‌ಸ್ಟನ್ ಬೀದಿಯಲ್ಲಿ ‘ನೈನ್ ಬೈ ಫೈವ್’ ಹೆಸರಿನ ಪ್ರದರ್ಶನ ತೆರೆದರು. ಒಂಬತ್ತು ಇಂಚು ಉದ್ದ, ಐದು ಇಂಚು ಅಗಲ ಎಂದರೆ ಸಿಗಾರ್ ಪೆಟ್ಟಿಗೆಯ ಮುಚ್ಚಳದ ಅಳತೆ. ಗೆಳೆಯ ಲೂಯಿ ಏಬ್ರಹಾಮ್ಸ್‌ನ ಮನೆತನಕ್ಕೆ ತಂಬಾಕಿನ ವ್ಯಾಪಾರವಿತ್ತು, ಮುಚ್ಚಳಗಳು ಅಲ್ಲಿಂದ ಬಂದವು. ಬೀದಿ, ಕಡಲತೀರ, ಮಳೆಯ ಸಂಜೆ, ಹೊಲ ಹೀಗೆ 180ಕ್ಕೂ ಹೆಚ್ಚು ಚಿತ್ರಗಳು ಅಗಲ ಪಟ್ಟಿಯ ಸರಳ ಮರದ ಚೌಕಟ್ಟುಗಳಲ್ಲಿ ತೂಗಿದವು. ‘ಆರ್ಗಸ್’ ಪತ್ರಿಕೆಯ ವಿಮರ್ಶಕ ಜೇಮ್ಸ್ ಸ್ಮಿತ್ ಇವು ಮುಗಿಯದ ಕೆಲಸವೆಂದು ಹಿಗ್ಗಾಮುಗ್ಗಾ ಜಾಡಿಸಿದ. ಕಲಾವಿದರು ಆ ವಿಮರ್ಶೆಯನ್ನೇ ಪ್ರದರ್ಶನದ ಬಾಗಿಲಿಗೆ ಅಂಟಿಸಿದರು. ನೋಡೋಣವೆಂದು ಜನ ಬಂದರು, ಕೊಂಡವರೂ ಇದ್ದರು. ಸ್ಮಿತ್‌ನ ದೂರು ಪೂರ್ತಿ ಹುರುಳಿಲ್ಲದ್ದೇನಲ್ಲ, ಕೆಲವು ಮುಚ್ಚಳಗಳು ನಿಜಕ್ಕೂ ಅವಸರದವು. ಆದರೆ ಕ್ಷಣದ ಬೆಳಕನ್ನು ಹಿಡಿದ ಮೇಲೆ ಮುಗಿಸಲು ಇನ್ನೇನು ಉಳಿದಿರುತ್ತದೆ ಎಂಬ ಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲ.

ದಿನಕ್ಕೊಂದು ಎಂಬ ಹಟ ಕೆನಡಾದ ಟಾಮ್ ಥಾಮ್ಸನ್ (1877-1917) ಹೆಸರಿನೊಡನೆ ಸೇರಿಕೊಂಡಿದೆ. ಆಲ್ಗಾಂಕ್ವಿನ್ ಕಾಡಿನ ಸರೋವರಗಳಲ್ಲಿ ದೋಣಿ ಹುಟ್ಟು ಹಾಕುತ್ತ, ಸುಮಾರು ಎಂಟೂವರೆ ಇಂಚು ಎತ್ತರ, ಹತ್ತೂವರೆ ಇಂಚು ಅಗಲದ ಹಲಗೆಗಳಲ್ಲಿ ಬರೆಯುತ್ತಿದ್ದ ಅವನು, 1917ರ ವಸಂತದಲ್ಲಿ ಹಿಮ ಕರಗಿ ಎಲೆ ಚಿಗುರುವವರೆಗಿನ ಬದಲಾವಣೆಯನ್ನು ದಿನದಿನವೂ ದಾಖಲಿಸಲು ಹೊರಟನೆಂದು ಪರಿಚಿತರು ಹೇಳಿದ್ದಾರೆ. ಅದೇ ವರ್ಷದ ಜುಲೈಯಲ್ಲಿ ಕನೂ ಸರೋವರದಲ್ಲಿ ಅವನ ಸಾವಾಯಿತು.

ದಿನಕ್ಕೊಂದು ಎಂಬ ಈ ಹಟ ಮಾರಾಟದೊಡನೆ ಸೇರಿದ್ದು ಅಂತರ್ಜಾಲದ ಕಾಲದಲ್ಲಿ. ಅಮೆರಿಕದ ವರ್ಜೀನಿಯಾ ಸಂಸ್ಥಾನದ ರಿಚ್ಮಂಡ್ ಊರಿನ ಡ್ವೇನ್ ಕೈಸರ್ 2004ರ ಡಿಸೆಂಬರಿನಲ್ಲಿ ದಿನಕ್ಕೊಂದು ಪೋಸ್ಟ್ ಕಾರ್ಡ್ ಗಾತ್ರದ ಚಿತ್ರ ಬರೆದು ಅಂತರ್ಜಾಲದಲ್ಲಿ ಮಾರಾಟಕ್ಕಿಡತೊಡಗಿದ. ಮೊಟ್ಟೆ, ಸ್ಯಾಂಡ್‌ವಿಚ್, ಕಿಟಕಿಯಾಚೆಯ ಬೀದಿ ಅವನ ವಸ್ತುಗಳು; ಸಿಗಾರ್ ಪೆಟ್ಟಿಗೆಯನ್ನೇ ಮಾರ್ಪಡಿಸಿದ್ದು ಅವನ ಪೆಟ್ಟಿಗೆ. 2005ರಲ್ಲಿ ಫ್ರಾನ್ಸಿನ ಪ್ರೊವಾನ್ಸ್‌ನಲ್ಲಿ ನೆಲೆಸಿದ್ದ ಇಂಗ್ಲಿಷ್ ಕಲಾವಿದ ಜೂಲಿಯನ್ ಮೆರೋ-ಸ್ಮಿತ್ ಅದೇ ದಾರಿ ಹಿಡಿದ. ಅಮೆರಿಕದ ಕಲಾವಿದೆ ಕ್ಯಾರಲ್ ಮರೀನ್ 2014ರ ತನ್ನ ಪುಸ್ತಕದಲ್ಲಿ ಈ ಅಭ್ಯಾಸವನ್ನು ಪಾಠವಾಗಿಸಿದಳು. ಬರೆಯುವ ಬಗೆಯಲ್ಲಿ ಇವರು ಹೊಸದೇನನ್ನೂ ತರಲಿಲ್ಲ. ಗ್ಯಾಲರಿಯ ದಲ್ಲಾಳಿಯನ್ನು ಬದಿಗಿಟ್ಟು ಅಂದಿನದನ್ನು ಅಂದೇ ಮಾರಿದ್ದು ಇವರ ಹೊಸತು. ಅದರ ಕೆಡುಕೂ ಕೂಡಲೇ ಕಂಡಿತು: ಮಾರಾಟವಾದದ್ದನ್ನೇ ಮತ್ತೆ ಬರೆಯುವ ಆಸೆಗೆ ನಿಂಬೆಹಣ್ಣು, ಪೇರು, ಟೀ ಕಪ್ಪುಗಳ ಹಾವಳಿ ಹೆಚ್ಚಿತು.

ಕರ್ನಾಟಕದಲ್ಲಿ ಸ್ಥಳದಲ್ಲೇ ಕೂತು ಬರೆಯುವ ಹಟಕ್ಕೆ ದೊಡ್ಡ ಹೆಸರು ರುಮಾಲೆ ಚನ್ನಬಸವಯ್ಯನವರದು (1910-88). ಬೆಂಗಳೂರಿನ ಹೂಬಿಟ್ಟ ಮರಗಳ ಎದುರಿಗೇ ಅವರು ಕೆಲಸ ಮಾಡುತ್ತಿದ್ದರು, ಆದರೆ ಅವರ ಕ್ಯಾನ್ವಾಸುಗಳು ಕಿರಿಯವಲ್ಲ. ಸಣ್ಣ ಚಿತ್ರವನ್ನು ಕಲಾವಿದನ ಕೈಯಿಂದಲೇ ಕೊಳ್ಳುವ ರೂಢಿಗೆ ಇಲ್ಲಿ ನೆರವಾದದ್ದು ಚಿತ್ರಕಲಾ ಪರಿಷತ್ತು ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಸಿಕೊಂಡು ಬಂದ ಚಿತ್ರಸಂತೆ.

ಬರೆಯುವ ಕ್ರಮ ಹೆಚ್ಚು ಬದಲಾಗಿಲ್ಲ. ಹಲಗೆಗೆ ಮೊದಲು ಮಣ್ಣುಗೆಂಪಿನ ತೆಳು ಲೇಪ, ಮೇಲೆ ತೆಳುಬಣ್ಣದಲ್ಲಿ ಆಕಾರಗಳ ಗುರುತು, ನೆರಳಿಗೆ ತೆಳು ಬಣ್ಣ, ಬೆಳಕಿಗೆ ದಪ್ಪ ಬಣ್ಣ; ಹಸಿಯ ಮೇಲೆ ಹಸಿ, ಚಪ್ಪಟೆ ಬ್ರಷ್ಷಿನಲ್ಲಿ, ತಿದ್ದದೆ. ಚಿತ್ರ ಒಂದೇ ದಿನದಲ್ಲಿ ಮುಗಿದರೂ ಬಣ್ಣ ಅಂದೇ ಒಣಗುವುದಿಲ್ಲ. ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಒಣಗದೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವುದರಿಂದ, ಮುಟ್ಟುವಷ್ಟು ಒಣಗಲು ದಿನಗಟ್ಟಲೆ, ದಪ್ಪ ಬಣ್ಣಕ್ಕೆ ವಾರಗಟ್ಟಲೆ ಬೇಕು. ಕೊನೆಯ ವಾರ್ನಿಷಿಗೆ ಸಾಮಾನ್ಯವಾಗಿ ಆರು ತಿಂಗಳು ಕಾಯುವುದು ರೂಢಿ. ಹಾಗಾಗಿ ನಿತ್ಯಚಿತ್ರಗಳಲ್ಲಿ ಹೆಚ್ಚಿನವು ವಾರ್ನಿಷ್ ಕಾಣದೆಯೇ ಕೊಂಡವರ ಮನೆ ಸೇರುತ್ತವೆ.